ಗುಂಡು ಉರುಳಿಸುವ ಹಳಿ: ಕೊಳ್ಳಿ, ಕೈಪಿಡಿ ಬದಿಗಿಡಿ

ಒಂಬತ್ತನೇ ತರಗತಿಗೆ ಶಕ್ತಿ ಸಂರಕ್ಷಣೆಯ ನಿಯಮ ಕಲಿಸಲೆಂದು ದಾವಣಗೆರೆಯ ಅಂಗಡಿಯೊಂದರಿಂದ ಚಿತ್ರದುರ್ಗದ ನಮ್ಮ ಶಾಲೆಗೆ ಈ ಕಿಟ್ ತಂದೆ. ಚಪ್ಪಟೆ ತಳದ ಅಲ್ಯೂಮಿನಿಯಂ ಹಳಿ, ಉಕ್ಕಿನ ಗುಂಡು, ವೇಗ ಅಳೆಯುವ ಎರಡು ಸಂವೇದಕಗಳು. ಹಳಿ ಗಟ್ಟಿಮುಟ್ಟಾಗಿದೆ, ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಬೇಸರ ತರಿಸಿದ್ದು ಕೈಪಿಡಿ. 20 ಸೆಂ.ಮೀ. ಎತ್ತರದಿಂದ ಬಿಟ್ಟ ಗುಂಡು ತಳದಲ್ಲಿ ಸೆಕೆಂಡಿಗೆ 1.98 ಮೀಟರ್ ವೇಗ ಪಡೆಯಬೇಕು ಎನ್ನುತ್ತದೆ. ನಮಗೆ ಬಂದದ್ದು 1.6. "ಸರ್, ಉಳಿದ ಶಕ್ತಿ ಎಲ್ಲಿ ಹೋಯಿತು?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನಿಜವಾದ ಪಾಠ ಶುರುವಾದದ್ದೇ ಆಗ. ಗುಂಡಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟು ಮತ್ತೆ ಬಿಟ್ಟೆವು. ಚುಕ್ಕೆ ಗಿರಗಿರನೆ ತಿರುಗುತ್ತಾ ಇಳಿಯಿತು. ಜಾರದೆ ಉರುಳುವ ಗಟ್ಟಿ ಗುಂಡಿನ ಚಲನ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ಆ ತಿರುಗುವಿಕೆಯಲ್ಲಿಯೇ ಇರುತ್ತದೆ. ಕೈಪಿಡಿಯ ಲೆಕ್ಕ ಇದನ್ನು ಬಿಟ್ಟಿದೆ; ಸೇರಿಸಿದರೆ ಬರುವ ವೇಗ 1.67. ಉಳಿದ ಚೂರು ಘರ್ಷಣೆಯಿಂದ ಶಾಖವಾಗುತ್ತದೆ. ಇಷ್ಟನ್ನು ಒಂದು ಸಾಲಿನಲ್ಲಾದರೂ ಮುದ್ರಿಸಬೇಕಿತ್ತು. ಹೊಸ ಶಿಕ್ಷಕರು ಉಪಕರಣವೇ ಕೆಟ್ಟಿದೆ ಎಂದುಕೊಂಡು ಕಪಾಟಿಗೆ ಸೇರಿಸಿಬಿಡುತ್ತಾರೆ.

ಮರುದಿನ ಮಕ್ಕಳು ಊರ ಬಳಿಯ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳತ್ತ ಕೈ ತೋರಿಸಿ ಅಲ್ಲಿನ ಶಕ್ತಿಯ ಲೆಕ್ಕವನ್ನೂ ಕೇಳಿದರು.