ಮನೆ ಸರ್ವರ್‌ಗೆ ಯಾವ ಚಿಪ್? ಎನ್100, ಹಳೆಯ ಐ5, ರಾಸ್ಪ್‌ಬೆರಿ ಪೈ 5

ಧಾರವಾಡದ ನಮ್ಮ ಮನೆಯಲ್ಲಿ ಫೋಟೊ, ಸಿನಿಮಾ, ಬ್ಯಾಕಪ್ ಇಡಲು ಸರ್ವರ್ ಬೇಕು ಅನ್ನಿಸಿದಾಗ ನಾನು ಮೊದಲು ನೋಡಿದ್ದು ವೇಗವನ್ನಲ್ಲ, ಕರೆಂಟನ್ನು. ಹಗಲು ರಾತ್ರಿ ಓಡುವ ಯಂತ್ರ ಅಲ್ವಾ? ಪ್ರತಿ 10 ವ್ಯಾಟ್‌ಗೆ ವರ್ಷಕ್ಕೆ ಸುಮಾರು 88 ಯೂನಿಟ್ ಬೀಳುತ್ತದೆ.

ನನ್ನ ಓಟು ಇಂಟೆಲ್ ಎನ್100ಗೆ. 2023ರ ಚಿಪ್, 4 ಕೋರ್, ಟಿಡಿಪಿ (ಹೆಚ್ಚು ಕೆಲಸದಲ್ಲಿದ್ದಾಗ ಚಿಪ್ ಹೊರಹಾಕುವ ಶಾಖದ ಅಂದಾಜು) ಬರೀ 6 ವ್ಯಾಟ್. ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಲು ಕ್ವಿಕ್ ಸಿಂಕ್ ಎಂಬ ಸೌಲಭ್ಯ ಚಿಪ್‌ನಲ್ಲೇ ಇದೆ, ಎವಿ1 ಎಂಬ ಹೊಸ ವಿಡಿಯೊ ರೂಪದ ಕಡತಗಳನ್ನೂ ಸಲೀಸಾಗಿ ಓದುತ್ತದೆ. ಈ ಚಿಪ್ ಇರುವ, ಫ್ಯಾನ್ ಇಲ್ಲದ ಪುಟ್ಟ ಪಿಸಿ ಪೆಟ್ಟಿಗೆಗಳೂ ಸಿಗುತ್ತವೆ. ಆದರೆ ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲಲ್ಲಿ ಅದನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ! ಹಲವು ಪೆಟ್ಟಿಗೆಗಳು 12 ವೋಲ್ಟ್‌ನಲ್ಲೇ ನಡೆಯುತ್ತವೆ. ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡಿದಾಗ ನೇರವಾಗಿ 12 ವೋಲ್ಟ್ ಕೊಡುವ ಸಣ್ಣ ಡಿಸಿ ಯುಪಿಎಸ್ ಸಾಕಾಗುತ್ತದೆ, ಅದರ ಆಂಪಿಯರ್ ಪೆಟ್ಟಿಗೆಗೆ ಬೇಕಾದಷ್ಟಿದೆಯೇ ಅಂತ ಮಾತ್ರ ನೋಡಿಕೊಳ್ಳಿ. ಕೊರತೆ ಅಂದರೆ ಮೆಮೊರಿ: ಒಂದೇ ಚಾನೆಲ್ (ಚಿಪ್ ಮತ್ತು ಮೆಮೊರಿ ನಡುವಿನ ದಾರಿ), ಇಂಟೆಲ್ ಹೇಳುವ ಮಿತಿ 16 ಜಿಬಿ.

ಎರಡು ಮೂರು ವರ್ಚುವಲ್ ಮಷೀನ್ (ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವ ವ್ಯವಸ್ಥೆ) ಓಡಿಸುವ ಆಸೆ ಇದ್ದರೆ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ನೋಡಿ. ಅಂಥ ಪಿಸಿಗಳಲ್ಲಿ ಸಿಗುವ 2018ರ ಇಂಟೆಲ್ ಐ5-8500ಟಿ ಚಿಪ್‌ಗೆ 6 ಕೋರ್, ಎರಡು ಮೆಮೊರಿ ಚಾನೆಲ್. ಟಿಡಿಪಿ 35 ವ್ಯಾಟ್ ಅಂತ ಹೆದರಬೇಕಿಲ್ಲ, ಸುಮ್ನೆ ಕೂತಾಗ ಅದರ ಹಸಿವು ತುಂಬಾ ಕಡಿಮೆ. ಎವಿ1 ಓದುವ ಹಾರ್ಡ್‌ವೇರ್ ಮಾತ್ರ ಇದರಲ್ಲಿಲ್ಲ.

ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 5? ಸೆನ್ಸರ್, ಜಾಹೀರಾತು ತಡೆಗೆ ಚೆನ್ನ. ಆದರೆ ಅದರಲ್ಲಿ ವಿಡಿಯೊ ಎನ್‌ಕೋಡರ್ (ವಿಡಿಯೊವನ್ನು ಬೇರೆ ರೂಪಕ್ಕೆ ಬದಲಾಯಿಸುವ ಹಾರ್ಡ್‌ವೇರ್) ಇಲ್ಲ. 27 ವ್ಯಾಟ್ ಅಡಾಪ್ಟರ್, ಕೇಸ್, ಎಸ್‌ಎಸ್‌ಡಿ ಸೇರಿಸುವಷ್ಟರಲ್ಲಿ ಅಗ್ಗದ ಬೋರ್ಡು ಅಗ್ಗವಾಗಿ ಉಳಿದಿರುವುದಿಲ್ಲ.