ಜಿಪ್ಸಿ 80ಕ್ಕೆ ನಡುಗುತ್ತಾ? ಟೈರಿಗೆ ದುಡ್ಡು ಕೊಡೋ ಮುಂಚೆ ಗಾಡಿ ಕೆಳಗೆ ಬಗ್ಗಿ ನೋಡಿ

ಹಳೇ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರು ದಯವಿಟ್ಟು ಓದಿ. ನಾನು 30 ಸಾವಿರ ಹತ್ತಿರ ಕಳೆದುಕೊಂಡೆ. ನಿಮಗೆ ಪುಕ್ಕಟೆ.

ನನ್ನದು 2006ರ ಜಿಪ್ಸಿ. ಸಕಲೇಶಪುರದ ಕಡೆ ತೋಟದ ದಾರಿಯಲ್ಲೇ ಅದರ ಓಡಾಟ ಜಾಸ್ತಿ. ಅಲ್ಲಿ 30ರ ಮೇಲೆ ಹೋಗೋಕೆ ಜಾಗವೇ ಇಲ್ಲ. ಹಾಗಾಗಿ ರೋಗ ಗೊತ್ತಾಗಿದ್ದು ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟ ದಿನ. ಚನ್ನರಾಯಪಟ್ಟಣ ದಾಟಿ ಮುಳ್ಳು 75 ಮುಟ್ಟಿತು, ಕೆಳಗಿನಿಂದ ಗುಂಯ್ ಅಂತ ಶುರುವಾಯಿತು. 80ಕ್ಕೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. "ಏನೋ ಇದು, ಹಿಟ್ಟಿನ ಗಿರಣಿ ಮೇಲೆ ಕೂತ ಹಾಗಿದೆ" ಅಂದರು ಅಮ್ಮ.

ದಾರಿಯಲ್ಲಿ ಸಿಕ್ಕ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದೆ. 1,200 ಹೋಯಿತು, ನಡುಕ ಹೋಗಲಿಲ್ಲ. "ಟೈರೇ ಒಳಗೆ ಹೋಗಿದೆ ಸಾರ್" ಅಂದ. 22 ಸಾವಿರಕ್ಕೆ ನಾಲ್ಕೂ ಹೊಸದು. ಅದೇ ಗುಂಯ್. ಊರಿಗೆ ಬಂದ ಮೇಲೆ ಇನ್ನೊಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಮೌಂಟಿಂಗ್ ಅಂತ 4,500 ತೆಗೆದುಕೊಂಡರು. ಜೊತೆಗೊಂದು ಬಿಟ್ಟಿ ಸಲಹೆ: "ಫೋರ್ ಹೈಗೆ ಹಾಕಿ ಹೈವೇಯಲ್ಲಿ ಓಡಿಸಿ ನೋಡಿ." ಫೋರ್ ಹೈ ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಗೇರು. ಈ ಪ್ರಯೋಗ ಮಾತ್ರ ಯಾರೂ ಮಾಡಬೇಡಿ. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಎರಡೂ ಒಂದಕ್ಕೊಂದು ಜಗ್ಗಾಡಿ ಗೇರುಗಳನ್ನೇ ತಿನ್ನುತ್ತವೆ.

ಈಗ ಯೋಚಿಸಿದರೆ ಸುಳಿವು ಮೊದಲ ದಿನವೇ ಇತ್ತು. ಸ್ಟೇರಿಂಗ್ ತಣ್ಣಗಿತ್ತು, ಎರಡು ಬೆರಳಲ್ಲಿ ಹಿಡಿಯಬಹುದಿತ್ತು. ನಡುಗುತ್ತಿದ್ದದ್ದು ಸೀಟು ಮತ್ತು ನೆಲ. ಮುಂದಿನ ಚಕ್ರದ ಬ್ಯಾಲೆನ್ಸ್ ಹೋದರೆ ಸಾಮಾನ್ಯವಾಗಿ ಸ್ಟೇರಿಂಗೇ ಮೊದಲು ಕುಣಿಯೋದು. ಇನ್ನೊಂದು, 80ರಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ, ಅದರ ನಡುಕ ದಡದಡ ಅನ್ನುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಉದ್ದನೆ ಕೊಳವೆ, ಮುಂದಕ್ಕೊಂದು ಹಿಂದಕ್ಕೊಂದು) ಅದರ ಹತ್ತಿರ ಹತ್ತಿರ ನಾಲ್ಕು ಪಟ್ಟು ತಿರುಗುತ್ತದೆ, ಅದಕ್ಕೇ ಗುಂಯ್.

ಕೊನೆಗೆ ಹಾಸನದಲ್ಲಿ ಒಬ್ಬ ಹಳೇ ಭಾಯ್ ಸಿಕ್ಕಿದರು. ಗಾಡಿ ಮುಟ್ಟೋ ಮುಂಚೆ ಕೇಳಿದ್ದು ಒಂದೇ: "ಇದು ಶುರುವಾಗೋ ಮುಂಚೆ ಕೆಳಗೆ ಯಾರು ಕೈ ಹಾಕಿದ್ರು ಸಾರ್?" ಆಗ ನೆನಪಾಯಿತು. ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಶಾಫ್ಟಿನ ಕ್ರಾಸ್ (ಶಾಫ್ಟಿನ ತುದಿಯಲ್ಲಿ ಓರೆಯಾಗಿ ತಿರುಗೋಕೆ ಬಿಡುವ ಕೂಡುಗೀಲು) ಬದಲಾಯಿಸಿಕೊಂಡಿದ್ದೆ!

ಆದರೂ ಅವರು ಅಷ್ಟಕ್ಕೇ ನಂಬಲಿಲ್ಲ. ಖಾಲಿ ರಸ್ತೆಯಲ್ಲಿ 80ಕ್ಕೆ ತಂದು ನ್ಯೂಟ್ರಲ್ ಮಾಡಿಸಿದರು. ಇಂಜಿನ್ ಐಡಲಿಗೆ ಇಳಿದರೂ ಗುಂಯ್ ಹಾಗೇ ಇತ್ತು. ಅಂದರೆ ಇಂಜಿನ್ ಅಲ್ಲ. ಮುಂದಿನ ಹಬ್ (ಮುಂದಿನ ಚಕ್ರವನ್ನು ಆಕ್ಸಲಿಗೆ ಜೋಡಿಸುವ, ಬಿಡಿಸುವ ಲಾಕ್) ತಿಂಗಳುಗಟ್ಟಲೆ ಲಾಕ್ ಆಗಿಯೇ ಇತ್ತು, ಅದನ್ನು ಫ್ರೀ ಮಾಡಿ ಓಡಿಸಿದರು. ಆಗ ಮುಂದಿನ ಶಾಫ್ಟ್ ಸುತ್ತೋದೇ ಇಲ್ಲ. ನಡುಕ ಮಾತ್ರ ಹೋಗಲಿಲ್ಲ. ಅಂದರೆ ಅನುಮಾನ ಹಿಂದಿನ ಶಾಫ್ಟಿನ ಮೇಲೇ.

ಆಮೇಲೆ ಕೆಳಗೆ ಮಲಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಕೆಸರು ಒರೆಸಿ, ಟಾರ್ಚ್ ಬಿಟ್ಟು ನನ್ನನ್ನೂ ಬಗ್ಗಿಸಿದರು. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ನನ್ನದರಲ್ಲಿ ಒಂದು ಕಡೆಯದು ನಿಂತಿತ್ತು, ಇನ್ನೊಂದು ಕಡೆಯದು ಮಲಗಿತ್ತು. ಓರೆಯಾಗಿ ತಿರುಗುವ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಶಾಫ್ಟನ್ನು ಜೋರು-ನಿಧಾನ ಮಾಡುತ್ತದೆ. ಆಚೆ ತುದಿಯ ಕ್ರಾಸ್ ಅದನ್ನು ಸರಿದೂಗಿಸಬೇಕು. ಅಡ್ಡ ಕೂತರೆ ಸರಿದೂಗಿಸೋ ಬದಲು ಇನ್ನಷ್ಟು ಕೂಡಿಸುತ್ತದೆ. ಬಿಚ್ಚಿದವನು ಗುರುತು ಹಾಕದೆ ಸುಮ್ನೆ ಕೈಗೆ ಬಂದ ಹಾಗೆ ತೂರಿಸಿದ್ದ.

ಎಂಟು ಬೋಲ್ಟ್ ಬಿಚ್ಚಿ, ಸ್ಪ್ಲೈನ್ (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಎಳೆದು, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿದರು. 40 ನಿಮಿಷ, ಕೂಲಿ 400 ರೂಪಾಯಿ. ಅಷ್ಟರಲ್ಲಿ ಹೊಸ ಕ್ರಾಸಿನಲ್ಲೇ ಪ್ಲೇ (ಸಡಿಲ) ಬಂದಿತ್ತು, ಶಾಫ್ಟ್ ಆಕ್ಸಲಿಗೆ ಸೇರುವ ಕಡೆಯ ಪಿನಿಯನ್ ಆಯಿಲ್ ಸೀಲ್ ಸೋರುತ್ತಿತ್ತು. ಅದಕ್ಕೆ ಮತ್ತೆ 1,500. ಕ್ರಾಸ್ ಮುರಿದು ಓಡುವಾಗಲೇ ಶಾಫ್ಟ್ ರಸ್ತೆಗೆ ಕಚ್ಚಿಕೊಂಡಿದ್ದರೆ ಈ ಬರಹ ಬರೆಯೋಕೆ ನಾನಿರುತ್ತಿರಲಿಲ್ಲವೇನೋ.

ಶಾಫ್ಟ್ ಬಿಚ್ಚಿಸುವಾಗ ನೀವೇ ಪಕ್ಕದಲ್ಲಿ ನಿಂತು, ಸ್ಪ್ಲೈನ್ ಸೇರುವ ಕಡೆ ಎರಡೂ ತುಂಡಿನ ಮೇಲೆ ಪೇಂಟಿನಿಂದ ಒಂದೇ ಗೆರೆ ಎಳೆಸಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಮುಖ ಗಂಟು ಹಾಕಿದರೆ ಹಾಕಲಿ.

ನನ್ನ ಹಳೇ ಟೈರು ನಾಲ್ಕನ್ನೂ ಆ ಅಂಗಡಿಯವನು 2 ಸಾವಿರಕ್ಕೆ ಇಟ್ಟುಕೊಂಡಿದ್ದ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಇನ್ನೊಂದು ಜಿಪ್ಸಿಗೆ ಹಾಕುತ್ತಿದ್ದ. "ಒಳ್ಳೇ ಕಂಡೀಷನ್ ಸಾರ್" ಅನ್ನುತ್ತಿದ್ದ ಆ ಜಿಪ್ಸಿಯವರಿಗೆ.