ಹೊಸ ಗಾರೆ ಗೋಡೆ ಹಪ್ಪಳ ಎದ್ದರೆ: ಒಂದೇ ಗೋಡೆಯ ಮೇಲೆ ಮೂರು ವಿಧಾನ, ಪಕ್ಕದಲ್ಲಿ ಸುಣ್ಣ

ಸಕಲೇಶಪುರದ ನಮ್ಮ ಮನೆಗೆ ಹೊಸದಾಗಿ ಸೇರಿಸಿದ ಭಾಗದ ಪ್ಲಾಸ್ಟರಿಂಗ್ ಮುಗಿದದ್ದು ಮಳೆಗಾಲ ಹಿಡಿಯುವ ಹೊತ್ತಿಗೆ. ಹಾಲ್‌ಗೆ ಪೇಂಟರ್ ಅವಸರದಲ್ಲಿ ಅಕ್ರಿಲಿಕ್ ಪುಟ್ಟಿ (ಗೋಡೆ ನುಣುಪು ಮಾಡುವ ಲೇಪ) ಎಳೆದು ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಬಣ್ಣ) ಹೊಡೆದರು. ಶ್ರಾವಣದ ಹೊತ್ತಿಗೆ ಪಡುವಣ ಗೋಡೆಯ ತುಂಬ ಗುಳ್ಳೆ.

ಗುಳ್ಳೆಯೊಂದನ್ನು ಬ್ಲೇಡಿನಿಂದ ಸೀಳಿ, ಎದ್ದ ಚಕ್ಕೆಯನ್ನು ತಿರುಗಿಸಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬೆನ್ನಿಗೆ ಬರೀ ಬಣ್ಣವಿದ್ದರೆ ತೊಂದರೆ ಕೋಟುಗಳ ನಡುವೆ. ನಮ್ಮದರಲ್ಲಿ ಪುಟ್ಟಿಯೂ ಮೆತ್ತಗಾಗಿ ಕಿತ್ತು ಬಂದಿತ್ತು, ಕೆಳಗೆ ಗಾರೆ ಕಪ್ಪಗೆ ಹಸಿಯಾಗಿತ್ತು, ಅಂಚಿನಲ್ಲಿ ಬಿಳಿ ಉಪ್ಪು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಎತ್ತಿತ್ತು.

ರಿಪೇರಿಗೆ ಒಬ್ಬೊಬ್ಬರದು ಒಂದೊಂದು ಸಲಹೆ. ಅದೇ ಗೋಡೆಯನ್ನು ಮೂರು ಪಾಲು ಮಾಡಿ ಮೂರನ್ನೂ ನೋಡಿದೆ.

ಗುಳ್ಳೆ ಎದ್ದಷ್ಟು ಜಾಗ ಮಾತ್ರ ಕೆರೆದು ಅದೇ ಪುಟ್ಟಿ ಮೆತ್ತಿದ ಪಾಲು ಮುಂದಿನ ಮಳೆಗೇ ತೇಪೆಯ ಅಂಚಿನಿಂದ ಮತ್ತೆ ಎದ್ದಿತು. ಆಯಿಲ್ ಪ್ರೈಮರ್ ಮೇಲೆ ಆಯಿಲ್ ಪೇಂಟ್ ಹೊಡೆದ ಪಾಲು ಇನ್ನೂ ಕೆಟ್ಟದ್ದು. "ಇದಾದ್ರೆ ನೀರೇ ಹಿಡಿಯಲ್ಲ ಸಾರ್" ಅಂದಿದ್ದರು ಆ ಸಲಹೆ ಕೊಟ್ಟವರು. ಹೊರಗಿನ ನೀರು ತಡೆಯುವ ಪದರ ಒಳಗಿನದನ್ನೂ ತಡೆಯುತ್ತದೆ. ಜೊತೆಗೆ ಹಸಿ ಸಿಮೆಂಟಿನ ಕ್ಷಾರ ತುಂಬ ತೀಕ್ಷ್ಣ, ಪಿಎಚ್ 12ಕ್ಕೂ ಮೇಲೆ. ಅದು ಬಣ್ಣದೊಳಗಿನ ಎಣ್ಣೆಯನ್ನು ಸೋಪಿನಂತೆ ಮಾಡಿಬಿಡುತ್ತದೆ. ಉಗುರು ತಾಗಿಸಿದರೆ ಅಂಟಂಟಾಗಿ ಸುಲಿದು ಬರುತ್ತಿತ್ತು.

ಮೂರನೆಯದು ನಿಧಾನದ ದಾರಿ. ಗಾರೆ ಕಾಣುವವರೆಗೆ ಕೆರೆದು, ಇಡೀ ಬೇಸಿಗೆ ಕಿಟಕಿ ತೆರೆದು ಒಣಗಲು ಬಿಟ್ಟದ್ದು. ಉಪ್ಪನ್ನು ಒಣ ಬ್ರಷ್ಷಿನಲ್ಲೇ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಮೈ ಬೆವತರೆ, ಗಾರೆ ಕಪ್ಪಾದರೆ ಇನ್ನೂ ಕಾಯಬೇಕು. 28 ದಿನ ಅನ್ನುವುದು ಸಿಮೆಂಟ್ ಗಟ್ಟಿಯಾಗುವ ಲೆಕ್ಕ. ಮಲೆನಾಡಿನ ಜಡಿಮಳೆಯಲ್ಲಿ ಗೋಡೆ ಆರುವ ಲೆಕ್ಕ ಅದಲ್ಲ. ಆಮೇಲೆ ವೈಟ್ ಸಿಮೆಂಟ್ ಪುಟ್ಟಿ, ಕ್ಷಾರ ತಡೆಯುವ ವಾಟರ್ ಪ್ರೈಮರ್, ಅದರ ಮೇಲೆ ಎಮಲ್ಷನ್. ಮಳೆಗಾಲ ಕಳೆದರೂ ಈ ಪಾಲು ಅಲುಗಿಲ್ಲ. ಹೊರಗೆ ಸಜ್ಜಾ (ಗೋಡೆಯಿಂದ ಹೊರಚಾಚಿದ ಮಳೆ ಮರೆ) ಮೇಲಿನ ಬಿರುಕು ಮುಚ್ಚಿಸಿದ್ದಕ್ಕೂ ಇದರಲ್ಲಿ ಪಾಲಿದೆ, ಅದನ್ನು ಬಿಟ್ಟು ಒಳಗೆ ಏನು ಬಳಿದರೂ ದಂಡ.

ಸ್ಟೋರ್ ರೂಮಿಗೆ ಮೊದಲಿನಿಂದಲೂ ಬರೀ ಸುಣ್ಣ. ಅದೇ ಹಸಿ ಗಾರೆ, ಅದೇ ಪಡುವಣ ದಿಕ್ಕು, ಒಂದೂ ಗುಳ್ಳೆ ಇಲ್ಲ. ಸುಣ್ಣ ತಾನೇ ಕ್ಷಾರ, ಆದ್ದರಿಂದ ಸಿಮೆಂಟಿನ ಕ್ಷಾರಕ್ಕೆ ಹೆದರುವುದಿಲ್ಲ. ತೇವವನ್ನು ತನ್ನ ಮೂಲಕವೇ ಹೊರಗೆ ಬಿಡುತ್ತದೆ. ಒರಗಿದರೆ ಬಟ್ಟೆಗೆ ಬಿಳಿ ಹತ್ತುತ್ತದೆ ನಿಜ, ಹಾಲ್‌ಗೆ ಒಗ್ಗುವುದಿಲ್ಲ.

ನನ್ನ ಆಯ್ಕೆ ಹೀಗೆ: ಬೇಸಿಗೆ ಪೂರ್ತಿ ಕಾಯಲು ಆಗುವವರು ಮೂರನೆಯದನ್ನೇ ಮಾಡಿಸಿ. ಮಳೆಗೆ ಮೊದಲೇ ಮನೆ ತುಂಬಬೇಕಾದವರು ಈ ವರ್ಷ ಸುಣ್ಣ ಹೊಡೆಸಿ, ಮುಂದಿನ ಬೇಸಿಗೆಯಲ್ಲಿ ಎಮಲ್ಷನ್‌ಗೆ ಹೋಗಿ. ಆದರೆ ಪುಡಿಪುಡಿ ಸುಣ್ಣದ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ. ಅದನ್ನು ಪೂರ್ತಿ ಕೆರೆಸಿದ ಮೇಲೆಯೇ ಪುಟ್ಟಿ ಮುಟ್ಟಿಸಲು ಬಿಡಿ.